ಕುಕ್ಕರ್ ಮೊದಲು, ನೀತಿ ಸಂಹಿತೆ ಆಮೇಲೆ: ಮುಖ್ಯ ಚುನಾವಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಮುಖ್ಯ ಚುನಾವಣಾಧಿಕಾರಿಗಳಿಗೆ,

ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ನಿಮ್ಮ ಕಚೇರಿಯ ಪಾಲಿಗೆ ಚುನಾವಣೆ ಶುರುವಾಗುವುದು ಆಯೋಗ ದಿನಾಂಕ ಪ್ರಕಟಿಸಿದ ದಿನ. ಪಕ್ಷಗಳ ಪಾಲಿಗೆ ಅದು ಹಿಂದಿನ ಗೌರಿ ಹಬ್ಬಕ್ಕೋ ದೀಪಾವಳಿಗೋ ಶುರುವಾಗಿರುತ್ತದೆ. ನಡುವಿನ ಆ ಆರೇಳು ತಿಂಗಳ ಬಗ್ಗೆ ಈ ಪತ್ರ. ಚೆಕ್‌ಪೋಸ್ಟ್‌ಗಳ ಬಗ್ಗೆ ನಮ್ಮ ತಕರಾರಿಲ್ಲ. ಆ ಕೆಲಸವನ್ನು ನಿಮ್ಮವರು ಚೆನ್ನಾಗಿಯೇ ಮಾಡುತ್ತಾರೆ.

2023ರ ಲೆಕ್ಕವನ್ನೇ ನೋಡಿ. ಮಾರ್ಚ್ 29ಕ್ಕೆ ವೇಳಾಪಟ್ಟಿ ಬಂತು, ಏಪ್ರಿಲ್ 13ಕ್ಕೆ ಅಧಿಸೂಚನೆ, 20ಕ್ಕೆ ನಾಮಪತ್ರದ ಕೊನೆಯ ದಿನ, ಮೇ 10ಕ್ಕೆ ಮತದಾನ, 13ಕ್ಕೆ ಎಣಿಕೆ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಂ ಪ್ರಕಾರ ಅಭ್ಯರ್ಥಿ ಖರ್ಚಿನ ಲೆಕ್ಕ ಇಡಬೇಕಾದದ್ದು ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶದ ದಿನದವರೆಗೆ. ಮೊದಲ ದಿನವೇ ಸಲ್ಲಿಸಿದವನಿಗೆ 31 ದಿನ, ಕೊನೆಯ ದಿನಕ್ಕೆ ಕಾದವನಿಗೆ 24 ದಿನ. 40 ಲಕ್ಷ ರೂಪಾಯಿಯ ಮಿತಿ ಅನ್ವಯವಾಗುವುದು ಇಷ್ಟೇ ದಿನಗಳಿಗೆ.

ಈಗ ಎರಡು ಲಕ್ಷ ಚಿಲ್ಲರೆ ಮತದಾರರಿರುವ ಒಂದು ಕ್ಷೇತ್ರ ಎಂದುಕೊಳ್ಳೋಣ. 55,000 ಮನೆಗೆ ತಲಾ 700 ರೂಪಾಯಿಯ ಕುಕ್ಕರ್ ಎಂದರೆ 3 ಕೋಟಿ 85 ಲಕ್ಷ. ಮಿತಿಯ ಒಂಬತ್ತು ಪಟ್ಟಿಗೂ ಹೆಚ್ಚು. ಇದೇ ಕುಕ್ಕರನ್ನು ಫೆಬ್ರುವರಿಯಲ್ಲಿ ಹಂಚಿದರೆ ಅಭ್ಯರ್ಥಿಯ ಖಾತೆಯಲ್ಲಿ ಒಂದು ಪೈಸೆಯೂ ಏರುವುದಿಲ್ಲ. ಆಗ ಆತ ಅಭ್ಯರ್ಥಿಯೇ ಅಲ್ಲ, ‘ಸಮಾಜ ಸೇವಕ’. ಆ ಚುನಾವಣೆಯಲ್ಲಿ ಒಟ್ಟು ಸುಮಾರು 375 ಕೋಟಿ ರೂಪಾಯಿ ಮೌಲ್ಯದ ನಗದು, ಮದ್ಯ, ಚಿನ್ನ ಇತ್ಯಾದಿ ವಶವಾಯಿತು. ಅದರಲ್ಲಿ ಉಡುಗೊರೆ ಸಾಮಾನಿನ ಪಾಲು ಸುಮಾರು 24 ಕೋಟಿ ಮಾತ್ರ. ಜನ ಉಡುಗೊರೆ ಬಿಟ್ಟರು ಎಂದು ಇದರ ಅರ್ಥವಲ್ಲ. ಚೆಕ್‌ಪೋಸ್ಟ್ ಏಳುವ ಹೊತ್ತಿಗೆ ಕುಕ್ಕರ್ ಅಡುಗೆಮನೆ ಸೇರಿರುತ್ತದೆ ಎಂದು ನಾವು ಓದಿಕೊಳ್ಳುತ್ತೇವೆ.

ಕಾನೂನು ಮೊದಲಿನಿಂದಲೂ ಹೀಗಿರಲಿಲ್ಲ. ಅದೇ ಕಾಯ್ದೆಯ 79ನೇ ಕಲಮಿನ ಹಳೆಯ ವ್ಯಾಖ್ಯೆಯಲ್ಲಿ, ಚುನಾವಣೆ ಎದುರಿಗಿರುವಾಗ ‘ನಾನು ನಿಲ್ಲುತ್ತೇನೆ’ ಎಂದು ಒಬ್ಬ ತನ್ನನ್ನು ತೋರಿಸಿಕೊಂಡ ಗಳಿಗೆಯಿಂದಲೇ ಅವನು ಅಭ್ಯರ್ಥಿ. ಖರ್ಚಿನ ಲೆಕ್ಕವೂ ಅಧಿಸೂಚನೆಯ ದಿನದಿಂದ ಶುರುವಾಗುತ್ತಿತ್ತು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿತು. ಅವರು ಯಾವ ದಿನದಿಂದ ಅಭ್ಯರ್ಥಿ ಎಂಬುದೇ ಅಲ್ಲಿ ದೊಡ್ಡ ಪ್ರಶ್ನೆಯಾಗಿತ್ತು. ಎರಡು ತಿಂಗಳೊಳಗೆ ಸಂಸತ್ತು ಎರಡೂ ಕಲಂಗಳನ್ನು ತಿದ್ದಿ, ‘ನಾಮಪತ್ರ’ವನ್ನೇ ಆರಂಭದ ಗೆರೆಯಾಗಿ ಎಳೆಯಿತು. ಆಮೇಲೆ ಎಲ್ಲ ಬಣ್ಣದ ಪಕ್ಷಗಳೂ ದೆಹಲಿಯಲ್ಲಿ ಆಳಿದವು, ಗೆರೆ ಮಾತ್ರ ಇದ್ದಲ್ಲೇ ಇದೆ. ಅದನ್ನು ಅಳಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಗೆರೆಗೆ ಮುಂಚೆ ನಡೆಯುವುದನ್ನು ಬರೆದಿಡುವುದು ನಿಮ್ಮ ಕೈಯಲ್ಲಿದೆ.

ಆ ತಿಂಗಳುಗಳಲ್ಲಿ ಏನು ನಡೆಯುತ್ತದೆ? ಮೊದಲು ಪಟ್ಟಿ. ಮತದಾರರ ಪಟ್ಟಿಯ ಭಾಗ ಸಂಖ್ಯೆ (ಒಂದೊಂದು ಮತಗಟ್ಟೆಯ ಪಟ್ಟಿಗೆ ಒಂದೊಂದು) ಹಿಡಿದು, ಪುಟಕ್ಕೊಬ್ಬ ಹುಡುಗನನ್ನು ನೇಮಿಸಿ, ಮನೆಯೊಡತಿಯ ಹೆಸರು, ಮೊಬೈಲ್ ನಂಬರ್, ರೇಷನ್ ಕಾರ್ಡಿನ ಬಣ್ಣ ಬರೆದುಕೊಳ್ಳುತ್ತಾರೆ. ಸ್ತ್ರೀಶಕ್ತಿ ಸಂಘದ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ಟೋಕನ್. ಸಾಮಾನು ಬಂದಿಳಿಯುವುದು ಕಲ್ಯಾಣ ಮಂಟಪಕ್ಕೋ ಮುಚ್ಚಿದ ಅಕ್ಕಿ ಗಿರಣಿಗೋ. ಬಿಲ್ಲು ಯಾವುದೋ ಟ್ರಸ್ಟಿನ ಹೆಸರಿಗೆ. ರಂಗೋಲಿ ಸ್ಪರ್ಧೆ, ಕ್ರಿಕೆಟ್ ಟೂರ್ನಿ, ಕಣ್ಣಿನ ತಪಾಸಣೆ, ಧರ್ಮಸ್ಥಳಕ್ಕೋ ತಿರುಪತಿಗೋ ಬಸ್ಸು, ಎಲ್ಲವೂ ಇದೇ ಹೊತ್ತಿನಲ್ಲಿ. ಈ ಮೊದಲ ಸುತ್ತಿನ ನಿಜವಾದ ಉಪಯೋಗ ಮತ ಕೊಳ್ಳುವುದಲ್ಲ, ಪಟ್ಟಿಯನ್ನು ಪರೀಕ್ಷಿಸುವುದು: ಯಾರು ಊರಲ್ಲಿದ್ದಾರೆ, ಯಾರು ಬೆಂಗಳೂರಿಗೆ ಹೋಗಿದ್ದಾರೆ, ಯಾರು ಟೋಕನ್ ಮುಟ್ಟಲಿಲ್ಲ. ಎರಡನೇ ಸುತ್ತಿಗೆ ಕ್ಯೂಆರ್ ಕೋಡ್ ಇರುವ ಕಾರ್ಡು, ‘ಗೆದ್ದ ಮೇಲೆ ಅಂಗಡಿಗೆ ಹೋಗಿ ಸಾಮಾನು ತಗೊಳ್ಳಿ’ ಎಂಬ ಮಾತಿನೊಂದಿಗೆ. ಕೊನೆಯ ಎರಡು ರಾತ್ರಿ ಕವರಿನಲ್ಲಿ ನಗದು, ಜತೆಗೆ ದೇವರ ಫೋಟೋ ಮುಟ್ಟಿಸಿ ಆಣೆ. ನಿಮ್ಮ ಫ್ಲೈಯಿಂಗ್ ಸ್ಕ್ವಾಡ್ ಬೆನ್ನು ಹತ್ತುವುದು ಈ ಮೂರನೇ ಸುತ್ತನ್ನು.

ಇದನ್ನು ಹಿಡಿಯಲು ಕಾನೂನೇ ಇಲ್ಲ ಎಂದು ಅಧಿಕಾರಿಗಳು ಹೇಳುವುದುಂಟು. ಇದೆ. ಭಾರತೀಯ ನ್ಯಾಯ ಸಂಹಿತೆಯ 170ನೇ ಕಲಂ (ಹಳೆಯ ದಂಡ ಸಂಹಿತೆಯ 171ಬಿ) ಮತದ ಹಕ್ಕಿಗಾಗಿ ಆಮಿಷ ಒಡ್ಡಿದವರನ್ನೆಲ್ಲ ಒಳಗೊಳ್ಳುತ್ತದೆ. ಕೊಟ್ಟವನು ಅಭ್ಯರ್ಥಿಯೇ ಆಗಿರಬೇಕು, ಇಂಥ ತಾರೀಖಿನ ನಂತರವೇ ಕೊಟ್ಟಿರಬೇಕು ಎಂದು ಅದರಲ್ಲಿಲ್ಲ. ಆದರೂ ಮೊಕದ್ದಮೆಗಳು ನಿಲ್ಲುವುದಿಲ್ಲ. ಒಂದು, ಅದು ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ರಾತ್ರಿ ಗೋದಾಮಿಗೆ ನುಗ್ಗಿ, ಬೆಳಗ್ಗೆ ಎಫ್‌ಐಆರ್ ಬರೆದು, ಅನುಮತಿ ಮರೆತರೆ ಆ ಪ್ರಕರಣ ಮುಂದೆ ಹೈಕೋರ್ಟಿನಲ್ಲಿ ರದ್ದಾಗುವುದಕ್ಕೇ ಹುಟ್ಟಿದಂತೆ. ಎರಡು, ತೆಗೆದುಕೊಂಡವರೂ ಅದೇ ಕಲಮಿನಡಿ ತಪ್ಪಿತಸ್ಥರು. ತಾನೇ ಆರೋಪಿಯಾಗುವುದಾದರೆ ಯಾವ ಹೆಣ್ಣುಮಗಳು ಸಾಕ್ಷಿ ಹೇಳಿಯಾಳು? ಹಾಗಾಗಿ ಪ್ರಕರಣ ನಿಲ್ಲಬೇಕಾದದ್ದು ಮನೆಯವರ ಹೇಳಿಕೆಯ ಮೇಲಲ್ಲ, ಬಿಲ್ಲು, ಗೋದಾಮಿನ ಬಾಡಿಗೆ ಚೀಟಿ, ಲಾರಿ ದಾಖಲೆಗಳ ಮೇಲೆ.

ಆ ದಾಖಲೆ ಸರ್ಕಾರದ ಬಳಿಯೇ ಬಿದ್ದಿದೆ. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್, ಅಂದರೆ ಜಿಎಸ್‌ಟಿ ಜಾಲತಾಣದಲ್ಲಿ ಪಡೆಯುವ ಸಾಗಣೆ ಚೀಟಿ, ಬೇಕು. ಅಲ್ಯೂಮಿನಿಯಂ ಅಡುಗೆ ಸಾಮಾನು 7615ನೇ ಎಚ್‌ಎಸ್‌ಎನ್ (ತೆರಿಗೆಗಾಗಿ ಸರಕು ವಿಂಗಡಿಸುವ ಸಂಕೇತ) ಶೀರ್ಷಿಕೆಯಲ್ಲಿ ಬರುತ್ತದೆ. ಒಂದು ತಾಲ್ಲೂಕಿಗೆ ಒಂದೇ ತಿಂಗಳಲ್ಲಿ ವರ್ಷಪೂರ್ತಿ ಬರುವಷ್ಟು ಕುಕ್ಕರ್ ಬಂದರೆ, ಪಾತ್ರೆ ಅಂಗಡಿಯನ್ನೇ ನಡೆಸದ ಟ್ರಸ್ಟೊಂದು ಖರೀದಿದಾರನಾಗಿದ್ದರೆ, ಅದು ವಾಣಿಜ್ಯ ತೆರಿಗೆ ಇಲಾಖೆಯ ಪರದೆಯ ಮೇಲೆ ಕಾಣುತ್ತದೆ. ಸೀರೆ, ಮಿಕ್ಸರ್, ಗಡಿಯಾರಕ್ಕೂ ಅಷ್ಟೇ. 2027ರ ಅಕ್ಟೋಬರಿನಿಂದ ತಾಲ್ಲೂಕುವಾರು ವರದಿಯನ್ನು ವಾರಕ್ಕೊಮ್ಮೆ ತರಿಸಿಕೊಳ್ಳಿ. ಬಿಲ್ಲಿಲ್ಲದೆ ಬರುವ ಮಾಲು ಈ ಬಲೆಗೆ ಬೀಳುವುದಿಲ್ಲ, ನಿಜ. ಆದರೆ ಅದನ್ನು ತಡೆಯುವುದು ತೆರಿಗೆಯವರ ದಿನನಿತ್ಯದ ಕೆಲಸ, ಅದಕ್ಕೆ ನೀತಿ ಸಂಹಿತೆ ಬೇಕಿಲ್ಲ. ಹಾಗೆಯೇ ಪ್ರತಿ ಠಾಣೆಗೂ ಮ್ಯಾಜಿಸ್ಟ್ರೇಟರ ಅನುಮತಿ ಕೋರುವ ಅರ್ಜಿಯ ಒಂದು ಪುಟದ ನಮೂನೆಯನ್ನು ಈಗಲೇ ಕಳುಹಿಸಿ. ಅಕ್ರಮದ ಬಗ್ಗೆ ಜನ ದೂರು ಕೊಡುವ ಆಯೋಗದ ಸಿ-ವಿಜಿಲ್ ಆ್ಯಪ್ ಚುನಾವಣೆ ಘೋಷಣೆಯಾದ ಮೇಲೆ ಮಾತ್ರ ದೂರು ತೆಗೆದುಕೊಳ್ಳುತ್ತದೆ. ಅದಕ್ಕೆ ಮುಂಚಿನ ದೂರುಗಳಿಗೆ 1950 ಸಹಾಯವಾಣಿಯಲ್ಲೇ ಒಂದು ಪ್ರತ್ಯೇಕ ದಾಖಲೆ ಪುಸ್ತಕ ತೆರೆದರೆ ಸಾಕು.

ಆಳುವ ಪಕ್ಷದ ಆಟ ಬೇರೆ. 2018ರಲ್ಲಿ ಲಿಂಗಾಯತ ಧರ್ಮದ ಕುರಿತ ಸಂಪುಟ ತೀರ್ಮಾನ ಬಂದದ್ದು ಮಾರ್ಚ್ 19ಕ್ಕೆ. ಚುನಾವಣೆ ಘೋಷಣೆ 27ಕ್ಕೆ. 2023ರಲ್ಲಿ ಮೀಸಲಾತಿ ಮರುಹಂಚಿಕೆಯ ತೀರ್ಮಾನ ಮಾರ್ಚ್ 24ಕ್ಕೆ, ಘೋಷಣೆ 29ಕ್ಕೆ. ಸರ್ಕಾರ ಬೇರೆ, ಪಕ್ಷ ಬೇರೆ, ಪಂಚಾಂಗ ಒಂದೇ. ಇದನ್ನು ನೀವು ತಡೆಯಲಾರಿರಿ, ತಡೆಯಲೂಬಾರದು. ಆದರೆ ಗುದ್ದಲಿ ಪೂಜೆಯ ವಿಷಯ ನಿಮ್ಮ ವ್ಯಾಪ್ತಿಯದೇ. ನೆಲದ ಮೇಲೆ ಶುರುವಾದ ಕಾಮಗಾರಿ ಮುಂದುವರಿಯಬಹುದು, ಶುರುವಾಗದ್ದು ನಿಲ್ಲಬೇಕು ಎನ್ನುತ್ತದೆ ನೀತಿ ಸಂಹಿತೆ. ಅದಕ್ಕೇ ಕೊನೆಯ ವಾರ ರಸ್ತೆ ಬದಿಯಲ್ಲಿ ಜೆಸಿಬಿ ಹತ್ತಡಿ ಮಣ್ಣು ಕೆರೆದು, ಒಂದು ಲೋಡು ಜಲ್ಲಿ ಸುರಿದು ಹೋಗುತ್ತದೆ. ಕಾಗದದಲ್ಲಿ ಕಾಮಗಾರಿ ಶುರುವಾಯಿತು. ಘೋಷಣೆಯಾದ 72 ಗಂಟೆಯೊಳಗೆ ಇಲಾಖೆಗಳು ಕೊಡಬೇಕಾದ ಶುರುವಾದ, ಶುರುವಾಗದ ಕೆಲಸಗಳ ಪಟ್ಟಿಯಲ್ಲಿ ಈ ಹತ್ತಡಿಯೂ ‘ಪ್ರಗತಿಯಲ್ಲಿದೆ’. ಜನವರಿಯಿಂದ ಪ್ರತಿ ತಿಂಗಳ ಕೊನೆಗೆ ಸ್ಥಳ, ದಿನಾಂಕ ಮುದ್ರಿತವಾದ ಫೋಟೋ ಸಹಿತ ಪಟ್ಟಿ ಕೇಳಿ. ಘೋಷಣೆಯ ದಿನ ಹಿಂದಿನ ತಿಂಗಳದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಜಲ್ಲಿ ಯಾವಾಗ ಬಿತ್ತೆಂದು ಗೊತ್ತಾಗುತ್ತದೆ.

ಕೊನೆಯದಾಗಿ ಮತದಾರರ ಪಟ್ಟಿ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ಚುನಾವಣೆಗೆ ಮುನ್ನ ಹೆಸರು ತೆಗೆಯುವಂತೆ ಆನ್‌ಲೈನಿನಲ್ಲಿ ಬಂದ 6,018 ನಮೂನೆ-7 ಅರ್ಜಿಗಳಲ್ಲಿ ಸಾಚಾ ಎಂದು ಕಂಡದ್ದು 24. ಉಳಿದವು ತಿರಸ್ಕೃತವಾದವು, ಹೆಸರುಗಳು ಉಳಿದವು. ಅಲ್ಲಿನ ಅಧಿಕಾರಿಗಳು ಮನೆಮನೆಗೆ ಹೋಗಿ ನೋಡಿದ್ದರಿಂದ. ಅದೂ ಘೋಷಣೆಗೆ ಮುಂಚೆಯೇ ನಡೆದದ್ದು. ಪ್ರತಿ ಕ್ಷೇತ್ರದಲ್ಲಿ ದಿನಕ್ಕೆ ಎಷ್ಟು ನಮೂನೆ-7 ಬಂದವು, ಯಾವ ಭಾಗ ಸಂಖ್ಯೆಗೆ ಬಂದವು ಎಂಬುದನ್ನು ಎಲ್ಲ ಪಕ್ಷಗಳ ಮತಗಟ್ಟೆ ಏಜೆಂಟರಿಗೂ ವಾರವಾರ ಕೊಡಿ. ಒಂದೇ ಭಾಗಕ್ಕೆ ಒಮ್ಮೆಲೇ ನೂರಾರು ಅರ್ಜಿ ಬಿದ್ದರೆ ಊರಿನ ಕಣ್ಣಿಗೆ ನಿಮ್ಮ ಸಾಫ್ಟ್‌ವೇರಿಗಿಂತ ಮುಂಚೆ ಬೀಳುತ್ತದೆ.

ಈ ಎಲ್ಲ ದಾಖಲೆಯೂ ಚುನಾವಣೆ ಮುಗಿದ ಮೇಲೆ ಕಪಾಟು ಸೇರಬಾರದು. 224 ಕ್ಷೇತ್ರಗಳ ಘೋಷಣಾಪೂರ್ವ ಖರ್ಚಿನ ಅಂದಾಜನ್ನು, ಅಭ್ಯರ್ಥಿಗಳು 30 ದಿನದೊಳಗೆ ಸಲ್ಲಿಸುವ ಲೆಕ್ಕದ ಪಕ್ಕದಲ್ಲಿಟ್ಟು, ನಿಮ್ಮ ಜಾಲತಾಣದಲ್ಲಿ ಹಾಕಿ. ಒಂದು ಪ್ರತಿಯನ್ನು, 1975ಕ್ಕೆ ಮುಂಚಿನ 79ನೇ ಕಲಮಿನ ಪಠ್ಯವನ್ನು ಲಗತ್ತಿಸಿ, ದೆಹಲಿಯ ಆಯೋಗಕ್ಕೆ ಕಳುಹಿಸಿ.

ಇಂತಿ,
ಚುನಾವಣೆಯ ಲೆಕ್ಕ, ಕಾನೂನು ಬಲ್ಲ ಕೆಲವು ಮತದಾರರು