ಗೂಢಚಾರನನ್ನು ಹಿಡಿದುಕೊಟ್ಟದ್ದು ಪಡಿತರ ಪುಸ್ತಕ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನಿ ಹೊರದೇಶಗಳಿಗೆ ಕಳಿಸಿದ ಗೂಢಚಾರರ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ತುಮಕೂರಿನಲ್ಲಿ ಅನೇಕರು ಓದಿದ್ದಾರೆ. ಕೆಲವು ಶಾಲೆಗಳಲ್ಲಿ ಮಕ್ಕಳು ಅದನ್ನೇ ಇಟ್ಟುಕೊಂಡು ವಿಜ್ಞಾನ ವಸ್ತುಪ್ರದರ್ಶನಕ್ಕೆ ‘ಸ್ಪೈ ರೇಡಿಯೋ’ ಮಾದರಿ ಮಾಡಲು ಹೊರಟಿದ್ದಾರೆ. ಇಂಥ ವಿಷಯ ಕನ್ನಡದಲ್ಲಿ ಬಂದದ್ದು ಸಂತೋಷ. ಆದರೆ ಲೇಖನದ ಗೂಢಚಾರ ಹಲವು ಭಾಷೆ ಬಲ್ಲ, ಪಿಸ್ತೂಲು ಹಿಡಿದ, ಯಾರ ಕೈಗೂ ಸಿಗದ ಸಾಹಸಿ. ಅಂಥವನು ದಾಖಲೆಗಳಲ್ಲಿ ಸಿಗುವುದು ಅಪರೂಪ. ಬಹುಪಾಲು ಮಂದಿ ಕಾಲಿಟ್ಟ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಸಿಕ್ಕಿಬಿದ್ದರು. ಅವರ ಧೈರ್ಯ ಕಡಿಮೆಯಾಗಿತ್ತೆಂದು ಅಲ್ಲ, ಕಳಿಸಿದವರು ಅವರನ್ನು ಸಿದ್ಧಪಡಿಸಿರಲಿಲ್ಲ. ಮಕ್ಕಳಿಗೆ ತಿಳಿಯಬೇಕಾದದ್ದು ಇದೇ ಎಂದು ನಮ್ಮ ನಂಬಿಕೆ.

ಕಳಿಸಿದ ಸಂಸ್ಥೆ ಆಪ್ವೇರ್, ಅಂದರೆ ಜರ್ಮನ್ ಸೇನೆಯ ಗುಪ್ತಚರ ವಿಭಾಗ. 1935ರಿಂದ 1944ರ ಆರಂಭದವರೆಗೆ ಅದರ ಮುಖ್ಯಸ್ಥ ಅಡ್ಮಿರಲ್ ವಿಲ್ಹೆಲ್ಮ್ ಕನಾರಿಸ್. ಬ್ರಿಟನ್ನಿನ ಮೇಲೆ ದಂಡೆತ್ತಿ ಹೋಗುವ ಯೋಜನೆಗೆ ಪೂರ್ವಭಾವಿಯಾಗಿ 1940ರ ಶರತ್ಕಾಲದಲ್ಲಿ ‘ಲೇನಾ’ ಎಂಬ ಹೆಸರಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಜನರನ್ನು ಅಲ್ಲಿ ಇಳಿಸಲಾಯಿತು. ಇವರಲ್ಲಿ ಜರ್ಮನ್ನರಲ್ಲದವರೂ ಬಹಳ: ಡಚ್ಚರು, ಡೇನರು, ಸ್ವೀಡನ್ನಿನವರು. ಶಾರ್ಲ್ ವಾನ್ ಡೆನ್ ಕೀಬೂಮ್ ಮತ್ತು ಶುರ್ಡ್ ಪೊನ್ಸ್ ಎಂಬಿಬ್ಬರು ಹಣದ ಕಳ್ಳಸಾಗಣೆಯಲ್ಲಿ ಸಿಕ್ಕಿಬಿದ್ದವರು. ಹೋಗುತ್ತೀರೋ, ಇಲ್ಲ ಸೆರೆಶಿಬಿರಕ್ಕೆ ಹಾಕೋಣವೋ ಎಂದು ಹೆದರಿಸಿ ಅವರನ್ನು ದೋಣಿ ಹತ್ತಿಸಿದರು. ಇದನ್ನು ಬಿಟ್ಟು ಅವರ ಬದುಕನ್ನು ಹೇಳಿದರೆ ಅರ್ಧ ಹೇಳಿದಂತೆ.

1940ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಇವರಿಬ್ಬರ ಜೊತೆ ಕಾರ್ಲ್ ಮೈಯರ್, ಹೋಸೆ ವಾಲ್ಡ್‌ಬರ್ಗ್ ಕೂಡ ಕೆಂಟ್ ತೀರದಲ್ಲಿ ಇಳಿದರು. ಮೈಯರ್ ಬಾಯಾರಿ ಲಿಡ್ ಎಂಬ ಊರಿನ ಪಬ್ಬಿಗೆ ಹೋಗಿ ಸೈಡರ್ ಎಂಬ ಸೇಬಿನ ಮದ್ಯ ಕೇಳಿದ. ಅದು ಬೆಳಗಿನ ಹೊತ್ತು, ಕಾನೂನಿನ ಪ್ರಕಾರ ಮದ್ಯ ಮಾರುವ ಸಮಯ ಇನ್ನೂ ಆಗಿರಲಿಲ್ಲ. ಇದು ಅಲ್ಲಿನ ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿ, ಗೊತ್ತಿಲ್ಲದವನು ಹೊರಗಿನವನು. ಅಂದೇ ಅವನ ಬಂಧನವಾಯಿತು. ವಾಲ್ಡ್‌ಬರ್ಗ್‌ಗೆ ಇಂಗ್ಲಿಷ್ ಬರುತ್ತಲೇ ಇರಲಿಲ್ಲವೆನ್ನಬೇಕು. ಮರಕ್ಕೆ ಏರಿಯಲ್ ಕಟ್ಟಿ ಒಂದೆರಡು ಸಂದೇಶ ಕಳಿಸುವಷ್ಟರಲ್ಲಿ ಅವನೂ ಸಿಕ್ಕ. ಡಿಸೆಂಬರ್‌ನಲ್ಲಿ ಮೂವರನ್ನು ಪೆಂಟನ್‌ವಿಲ್ ಜೈಲಿನಲ್ಲಿ ಗಲ್ಲಿಗೇರಿಸಿದರು. ಬಲವಂತದಿಂದ ಬಂದೆನೆಂಬ ಪೊನ್ಸ್‌ನ ವಾದವನ್ನು ಜ್ಯೂರಿ ಒಪ್ಪಿತು, ಅವನೊಬ್ಬ ಉಳಿದ.

ಅದೇ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನಲ್ಲಿ ನಡೆದದ್ದನ್ನು ನೋಡಿ. ಸಮುದ್ರ ವಿಮಾನದಿಂದ ರಬ್ಬರ್ ದೋಣಿಗೆ ಇಳಿದ ಕಾರ್ಲ್ ಡ್ರ್ಯೂಕೆ, ವರ್ನರ್ ವಾಲ್ಟಿ ಮತ್ತು ವೆರಾ ಎರಿಕ್ಸನ್ ಸೈಕಲ್ ತುಳಿದುಕೊಂಡು ಲಂಡನ್ ಸೇರಬೇಕೆಂಬುದು ಯೋಜನೆ. ಸೈಕಲ್‌ಗಳು ಸಮುದ್ರದ ಪಾಲಾದವು. ಡ್ರ್ಯೂಕೆ ಮತ್ತು ವೆರಾ ಪೋರ್ಟ್‌ಗೋರ್ಡನ್ ರೈಲು ನಿಲ್ದಾಣಕ್ಕೆ ನಡೆದು ಬಂದು ‘ಇದು ಯಾವ ಊರು’ ಎಂದು ಕೇಳಬೇಕಾಯಿತು, ಏಕೆಂದರೆ ಶತ್ರುವಿಗೆ ದಾರಿ ತಿಳಿಯಬಾರದೆಂದು ಬ್ರಿಟನ್ನಿನಲ್ಲಿ ನಿಲ್ದಾಣಗಳ ಹೆಸರುಫಲಕ ತೆಗೆದಿದ್ದರು. ಶೂಗಳು ಒದ್ದೆ. ಟಿಕೆಟ್ಟಿಗೆಂದು ತೆರೆದ ಪರ್ಸಿನಲ್ಲಿ ಕಂತೆ ನೋಟು. ನಿಲ್ದಾಣದ ಸಿಬ್ಬಂದಿ ಪೊಲೀಸರನ್ನು ಕರೆದರು. ಸಾಮಾನಿನಲ್ಲಿ ಸಿಕ್ಕಿದ್ದು ರೇಡಿಯೋ, ಮೌಸರ್ ಪಿಸ್ತೂಲು, ‘ಬೊಹೀಮಿಯಾದಲ್ಲಿ ತಯಾರಾದದ್ದು’ ಎಂದು ಅಚ್ಚಾಗಿದ್ದ ಟಾರ್ಚು ಮತ್ತು ತಿಂದು ಉಳಿಸಿದ ಜರ್ಮನ್ ಸಾಸೇಜು. ಕೊನೆಯ ಎರಡನ್ನು ಹೊರಡುವ ಮುಂಚೆ ಒಮ್ಮೆ ಪರೀಕ್ಷಿಸಿ ತೆಗೆದಿಡುವಷ್ಟು ವ್ಯವಧಾನ ಕಳಿಸಿದವರಿಗೆ ಇರಲಿಲ್ಲ. ಡ್ರ್ಯೂಕೆ ಮತ್ತು ವಾಲ್ಟಿಯನ್ನು 1941ರ ಆಗಸ್ಟ್ 6ರಂದು ಗಲ್ಲಿಗೇರಿಸಿದರು.

ಇಳಿದ ಮೇಲೂ ಸಿಕ್ಕಿಬೀಳದೆ ಉಳಿದವನ ಕಷ್ಟ ಬೇರೆ ಥರದ್ದು. ನಮ್ಮ ಓದುಗರಿಗೆ ಪಡಿತರ ಚೀಟಿಯ ಮಹತ್ವ ಹೇಳಬೇಕಿಲ್ಲ. ಬ್ರಿಟನ್ನಿನಲ್ಲಿ 1940ರ ಜನವರಿಯಿಂದ ಬೇಕನ್, ಬೆಣ್ಣೆ, ಸಕ್ಕರೆಗೂ, ಆಮೇಲೆ ಮಾಂಸ, ಚಹಾಕ್ಕೂ ಪಡಿತರ ಬಂತು. ಪುಸ್ತಕವಿದ್ದರೆ ಸಾಲದು, ಗೊತ್ತಾದ ಅಂಗಡಿಯಲ್ಲಿ ಹೆಸರು ನೋಂದಾಯಿಸಿರಬೇಕು. ಊಟ ಸಮೇತ ಬಾಡಿಗೆ ಕೋಣೆ ಹಿಡಿದರೆ ಪುಸ್ತಕವನ್ನು ಮನೆಯೊಡತಿಯ ಕೈಗೆ ಕೊಡಬೇಕು. ನಕಲಿ ಪುಸ್ತಕ ಕೊಟ್ಟರೆ ಅದು ಅಂಗಡಿಯವನಿಂದ ಆಹಾರ ಕಚೇರಿಗೆ ಹೋಗುತ್ತದೆ. ಕೊಡದಿದ್ದರೆ ಮನೆಯೊಡತಿಗೇ ಅನುಮಾನ. ವಿದೇಶೀಯನಾದರೆ ಪೊಲೀಸರಲ್ಲಿ ನೋಂದಣಿ ಬೇರೆ. ಹೋಟೆಲಿನಲ್ಲಿ ಪುಸ್ತಕವಿಲ್ಲದೆ ಊಟ ಸಿಗುತ್ತಿತ್ತು, ಆದರೆ ಅದಕ್ಕೆ ಕೈಯಲ್ಲಿನ ಹಣ ದಿನದಿನವೂ ಕರಗುತ್ತದೆ.

ಯಾನ್ ವಿಲೆಮ್ ಟೆರ್ ಬ್ರಾಕ್ ಎಂಬ ಹೆಸರಿನಲ್ಲಿ ಬಂದ ಡಚ್ಚ ಎಂಗೆಲ್‌ಬರ್ಟಸ್ ಫಕ್ಕೆನ್ ಈ ಬಲೆಯೊಳಗೆ ಸುಮಾರು ಐದು ತಿಂಗಳು ಬದುಕಿದ. 1940ರ ನವೆಂಬರ್ ಆರಂಭದ ಹೊತ್ತಿಗೆ ಪ್ಯಾರಾಚೂಟಿನಲ್ಲಿ ಇಳಿದು ಕೇಂಬ್ರಿಡ್ಜ್‌ನಲ್ಲಿ ಕೋಣೆ ಹಿಡಿದ. ಅವನ ಗುರುತಿನ ಚೀಟಿಯೂ ಪಡಿತರ ಪುಸ್ತಕವೂ ನಕಲಿ. ಹಣ ಮುಗಿಯಿತು, ಹೊಸ ಹಣ ಬರಲಿಲ್ಲ. ಟ್ರಾನ್ಸ್‌ಮಿಟರ್ ಇದ್ದ ಸೂಟ್‌ಕೇಸನ್ನು ರೈಲು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ಬಿಟ್ಟು, ವಾಯುದಾಳಿ ಆಶ್ರಯತಾಣವೊಂದರೊಳಗೆ ಗುಂಡು ಹಾರಿಸಿಕೊಂಡ. 1941ರ ಏಪ್ರಿಲ್ 1ರಂದು ಶವ ಸಿಕ್ಕಿತು. ಗ್ರೇಟ್ ಶೆಲ್ಫರ್ಡ್‌ನಲ್ಲಿ ಹೆಸರಿಲ್ಲದ ಗೋರಿಯಲ್ಲಿ ಹೂಳಿದರು. ಇಡೀ ಯುದ್ಧದ ಗೂಢಚಾರರ ಕಥೆಗಳಲ್ಲಿ ಇದರಷ್ಟು ಮನಸ್ಸು ಕಲಕುವ ಇನ್ನೊಂದನ್ನು ನಾವು ಕಂಡಿಲ್ಲ. ಹಸಿದವನ ಕರೆಗೆ ಓಗೊಡದೆ ಅವನನ್ನು ಮರೆತ ಅಧಿಕಾರಿಗಳ ಮೇಲೆ ಸಿಟ್ಟು ಬರುತ್ತದೆ.

ಕಾಗದಪತ್ರಗಳ ಇನ್ನೊಂದು ಎಡವಟ್ಟು ಇನ್ನೂ ಘೋರ. ನಕಲಿ ಗುರುತಿನ ಚೀಟಿಗಳಿಗೆ ಬೇಕಾದ ಹೆಸರು, ಸಂಖ್ಯೆಗಳನ್ನು ಜರ್ಮನ್ನರು ಪಡೆದದ್ದು ಬ್ರಿಟನ್ನಿನಲ್ಲಿದ್ದ ತಮ್ಮ ‘ನಂಬಿಕಸ್ಥ’ ವೇಲ್ಸ್‌ನ ಆರ್ಥರ್ ಓವೆನ್ಸ್‌ನಿಂದ. ಅವನು ಅಷ್ಟರಲ್ಲಿ ಶತ್ರು ಗೂಢಚಾರರನ್ನು ಪತ್ತೆಹಚ್ಚುವ ಬ್ರಿಟಿಷ್ ಸಂಸ್ಥೆ ಎಂಐ5ರ ಹಿಡಿತದಲ್ಲಿದ್ದ, ‘ಸ್ನೋ’ ಎಂಬುದು ಅವನ ಗುಪ್ತನಾಮ. ಹೀಗಾಗಿ ಇಳಿಯುವವನ ಜೇಬಿನ ಚೀಟಿಯೇ ಅವನ ವಿರುದ್ಧದ ಸಾಕ್ಷಿ.

ಈಗ ರೇಡಿಯೋಗೆ ಬರುತ್ತೇವೆ. ಮಕ್ಕಳ ಮಾದರಿಗಳಲ್ಲಿ ಮೈಕ್ ಇರುತ್ತದೆ, ಅದು ತಪ್ಪು. ಗೂಢಚಾರ ಮಾತನಾಡುತ್ತಿರಲಿಲ್ಲ, ಚುಕ್ಕೆ-ಗೆರೆಗಳ ಸಂಕೇತ ಕಳಿಸುವ ಮೋರ್ಸ್ ಕೀ ಒತ್ತುತ್ತಿದ್ದ. ಸೂಟ್‌ಕೇಸಿನಲ್ಲಿ ವಾಲ್ವ್ ಟ್ರಾನ್ಸ್‌ಮಿಟರ್, ರಿಸೀವರ್, ಹೆಡ್‌ಫೋನ್, ಬ್ಯಾಟರಿ, ತರಂಗಾಂತರ ನಿಗದಿಪಡಿಸುವ ಕ್ರಿಸ್ಟಲ್‌ಗಳು, ಸುತ್ತಿಟ್ಟ ತಂತಿ. ಶಕ್ತಿ ಕೆಲವೇ ವಾಟ್. ಇಂಗ್ಲೆಂಡಿನ ಪೂರ್ವಭಾಗದಿಂದ, ಈ ಸಂದೇಶಗಳನ್ನು ಕೇಳುವ ಆಪ್ವೇರ್ ಕೇಂದ್ರವಿದ್ದ ಹ್ಯಾಂಬರ್ಗ್ ಸುಮಾರು 700 ಕಿ.ಮೀ. ಇಷ್ಟು ದೂರಕ್ಕೆ ಕೆಲವು ವಾಟ್ ಸಾಕು, ಆದರೆ ತಂತಿ ಸರಿಯಾಗಿರಬೇಕು. 6 ಮೆಗಾಹರ್ಟ್ಸ್‌ಗೆ ಅರ್ಧ ತರಂಗದ ಏರಿಯಲ್ ಎಂದರೆ ಸುಮಾರು 24 ಮೀಟರ್, ಕಾಲು ತರಂಗಕ್ಕೆ 12 ಮೀಟರ್. ಬಾಡಿಗೆ ಕೋಣೆಯಲ್ಲಿ ಇದನ್ನು ಎಲ್ಲಿ ಹಾಕುವುದು? ಗೋಡೆಯ ಅಂಚಿಗೆ ಮಡಚಿ ಹಾಕಿದರೆ ಶಕ್ತಿಯ ಬಹುಪಾಲು ಗೋಡೆಗೂ ಕೊಳವೆಗಳಿಗೂ ವ್ಯರ್ಥ. ಹೊರಗೆ ಮರಕ್ಕೆ ಕಟ್ಟಿದರೆ ನೆರೆಯವರ ಕಣ್ಣಿಗೆ. ಕೀ ಒತ್ತಿದಾಗಲೆಲ್ಲ ಪಕ್ಕದ ಮನೆಯ ರೇಡಿಯೋದಲ್ಲಿ ಟಕ್ ಟಕ್ ಶಬ್ದ. ಮನೆಯ ವಿದ್ಯುತ್ತಿನಲ್ಲಿ ನಡೆಸಿದರೆ ದೀಪ ಮಿಣುಕುತ್ತದೆ. ಪ್ಯಾರಾಚೂಟಿನಲ್ಲಿ ಇಳಿಯುವಾಗಲೇ ಕಷ್ಟ ಶುರು. 1940ರ ಸೆಪ್ಟೆಂಬರ್‌ನಲ್ಲಿ ಇಳಿದ ಸ್ವೀಡನ್ನಿನ ಯೋಸ್ಟಾ ಕಾರೋಲಿಗೆ ಅವನದೇ ಟ್ರಾನ್ಸ್‌ಮಿಟರ್ ಗಲ್ಲಕ್ಕೆ ಬಡಿದು ಪ್ರಜ್ಞೆ ತಪ್ಪಿತು, ಹಳ್ಳದಲ್ಲಿ ಬಿದ್ದವನನ್ನು ರೈತರು ಕಂಡರು.

ಸಂಕೇತಲಿಪಿ ಇನ್ನೊಂದು ಹೊರೆ. ಹಲವರಿಗೆ ಒಂದು ಕಾದಂಬರಿ ಕೊಟ್ಟಿರುತ್ತಿದ್ದರು. ತಾರೀಖು, ತಿಂಗಳು ಮತ್ತು ಅವನಿಗೆ ಗೊತ್ತುಮಾಡಿದ ಸಂಖ್ಯೆಯನ್ನು ಕೂಡಿದರೆ ಆ ದಿನದ ಪುಟ. ಉದಾಹರಣೆಗೆ ಅಕ್ಟೋಬರ್ 14, ಸಂಖ್ಯೆ 23 ಎಂದಾದರೆ ಪುಟ 47. ಆ ಪುಟದ ಅಕ್ಷರಗಳಿಂದ ಕೀಲಿ ಮಾಡಿ, ಚೌಕದ ಕಾಗದದಲ್ಲಿ ಸಂದೇಶ ಬರೆದು, ಕೀಲಿಯ ಕ್ರಮದಲ್ಲಿ ಅಕ್ಷರಗಳನ್ನು ಕಂಬಸಾಲಾಗಿ ಎತ್ತಿ, ಐದೈದು ಅಕ್ಷರಗಳ ಗುಂಪು ಮಾಡಬೇಕು. ಒಂದು ಚೌಕ ತಪ್ಪಿದರೆ ಅಲ್ಲಿಂದಾಚೆಗೆಲ್ಲ ಅರ್ಥಹೀನ. ಆಗ ಹ್ಯಾಂಬರ್ಗ್ ‘ಮತ್ತೆ ಕಳಿಸು’ ಎನ್ನುತ್ತದೆ. ಅದೇ ಸಂದೇಶ, ಅದೇ ಕೀಲಿ, ಚೂರು ಬದಲಾವಣೆ: ಲಿಪಿ ಒಡೆಯುವವನಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕಿಲ್ಲ. 60 ಗುಂಪು ಎಂದರೆ 300 ಅಕ್ಷರ. ನಿಮಿಷಕ್ಕೆ 12 ಪದದ ವೇಗದಲ್ಲಿ ಕಳಿಸಲು ಐದು ನಿಮಿಷ, ಕರೆಯುವುದು, ಉತ್ತರಕ್ಕೆ ಕಾಯುವುದು, ಪುನರಾವರ್ತನೆ ಸೇರಿ ಅದರ ಎರಡು ಮೂರು ಪಟ್ಟು. ಕಿವಿಗೊಟ್ಟು ಕೂತವರಿಗೆ ಅಷ್ಟು ಹೊತ್ತು ಧಾರಾಳ.

ಆ ಕಿವಿಗೊಟ್ಟವರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದ್ದು ನಮಗೆ ಬೇಸರ ತಂದಿತು. ಶಾರ್ಟ್‌ವೇವ್ ಆಕಾಶಕ್ಕೆ ಹೋಗಿ ಅಯಾನುಮಂಡಲಕ್ಕೆ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರಕ್ಕೆ ಬಡಿದು ದೂರದಲ್ಲಿ ಇಳಿಯುತ್ತದೆ, ನಡುವೆ ಏನೂ ಕೇಳದ ಪಟ್ಟಿಯೊಂದು ಉಳಿಯುತ್ತದೆ. ನಮ್ಮ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ಇದು ನಿತ್ಯದ ಮಾತು: ರಾತ್ರಿ 7 ಮೆಗಾಹರ್ಟ್ಸ್‌ನಲ್ಲಿ ತುಮಕೂರಿನಿಂದ ಹೊರಟ ಸಂಕೇತ ಶಿರಾದಲ್ಲಿ ಕೇಳದೆ ನಾಗಪುರದಲ್ಲಿ ಚೆನ್ನಾಗಿ ಕೇಳಬಹುದು. ಆದ್ದರಿಂದ ಒಂದೇ ಕೇಂದ್ರದಲ್ಲಿ ಕೂತರೆ ಗೂಢಚಾರ ಕೇಳಿಸುವುದಿಲ್ಲ, ದೇಶದ ತುಂಬ ಕಿವಿಗಳು ಬೇಕು. ಬ್ರಿಟನ್ನಿನಲ್ಲಿ ಸುಮಾರು 1500 ಹವ್ಯಾಸಿ ರೇಡಿಯೋದವರು ರಹಸ್ಯ ಪ್ರಸಾರಗಳನ್ನು ಪತ್ತೆಹಚ್ಚುವ ರೇಡಿಯೋ ಸೆಕ್ಯುರಿಟಿ ಸರ್ವಿಸ್‌ಗಾಗಿ ಮನೆಯಲ್ಲೇ ಕೂತು ಕ್ಷೀಣ ಸಂಕೇತಗಳನ್ನು ಬರೆದುಕೊಂಡು ‘ಬಾಕ್ಸ್ 25, ಬಾರ್ನೆಟ್’ ಎಂಬ ವಿಳಾಸಕ್ಕೆ ಕಳಿಸುತ್ತಿದ್ದರು. ದೇಶದೊಳಗಿನ ಗೂಢಚಾರರನ್ನು ಹುಡುಕಲು ಹೊರಟವರಿಗೆ ಆಪ್ವೇರ್‌ನ ಯುರೋಪಿನಾದ್ಯಂತದ ಜಾಲವೇ ಕೇಳಿಸಿತು. ಈ ಹಾಳೆಗಳನ್ನು ಹಿಡಿದು 1940ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಲಿಪಿತಜ್ಞ ಆಲಿವರ್ ಸ್ಟ್ರೇಚಿಯ ತಂಡ ಆಪ್ವೇರ್‌ನವರು ಕೈಯಿಂದಲೇ ಮಾಡುತ್ತಿದ್ದ ಸಂಕೇತಲಿಪಿಯನ್ನೂ, ಮರುವರ್ಷ ಇನ್ನೊಬ್ಬ ಲಿಪಿತಜ್ಞ ಡಿಲ್ಲಿ ನಾಕ್ಸ್ ಅದರ ಎನಿಗ್ಮಾ ಯಂತ್ರದ ಸಂಕೇತಲಿಪಿಯನ್ನೂ ಒಡೆದರು. ಮುಂದೆ ಯಾರು ಬರುತ್ತಾರೆಂಬುದು ಹಲವು ಸಲ ಮೊದಲೇ ಗೊತ್ತಿರುತ್ತಿತ್ತು.

ಸಿಕ್ಕವನ ಮುಂದೆ ಎರಡು ದಾರಿ: ಗಲ್ಲು, ಇಲ್ಲವೇ ಬ್ರಿಟಿಷರು ಹೇಳಿಕೊಟ್ಟದ್ದನ್ನು ಕಳಿಸುವುದು. ವುಲ್ಫ್ ಶ್ಮಿಟ್ ಎಂಬವನು ಎರಡನೆಯದನ್ನು ಆಯ್ದುಕೊಂಡು ಬ್ರಿಟಿಷರ ಗುಪ್ತನಾಮದಲ್ಲಿ ‘ಟೇಟ್’ ಆದ, 1945ರ ಮೇ 2ರವರೆಗೂ ಹ್ಯಾಂಬರ್ಗ್‌ನೊಂದಿಗೆ ಮಾತಾಡುತ್ತಲೇ ಇದ್ದ, ಜರ್ಮನ್ನರಿಂದ ಐರನ್ ಕ್ರಾಸ್ ಪದಕವನ್ನೂ ಪಡೆದ. ಲೇಖನದಲ್ಲಿ ಯೋಸೆಫ್ ಯಾಕೋಬ್ಸ್‌ನನ್ನು ಗಲ್ಲಿಗೇರಿಸಿದರು ಎಂದಿದೆ, ತಿದ್ದಬೇಕು. 1941ರ ಜನವರಿ 31ರ ರಾತ್ರಿ ವಿಮಾನದಿಂದ ಹೊರಬೀಳುವಾಗಲೇ ಅವನ ಪಾದದ ಗಂಟು ಮುರಿಯಿತು. ರಾತ್ರಿಯೆಲ್ಲ ಹೊಲದಲ್ಲಿ ಬಿದ್ದಿದ್ದು ಬೆಳಿಗ್ಗೆ ಸಹಾಯಕ್ಕೆ ಗುಂಡು ಹಾರಿಸಿ ಕರೆದ. ಆಗಸ್ಟ್ 15ರಂದು ಲಂಡನ್ ಟವರ್‌ನಲ್ಲಿ ಕುರ್ಚಿಯ ಮೇಲೆ ಕೂರಿಸಿ ಗುಂಡಿಕ್ಕಿದರು. ಆ ಕೋಟೆಯಲ್ಲಿ ಮರಣದಂಡನೆಗೆ ಗುರಿಯಾದ ಕೊನೆಯ ವ್ಯಕ್ತಿ ಅವನು. ಅವನಿಗೆ ವಹಿಸಿದ್ದ ಮುಖ್ಯ ಕೆಲಸ ಹವಾಮಾನ ವರದಿ. ಅಲ್ಲಿ ಹವೆ ಪಶ್ಚಿಮದಿಂದ ಪೂರ್ವಕ್ಕೆ ಸಾಗುವುದರಿಂದ ಬ್ರಿಟನ್ನಿನ ಇಂದಿನ ಮೋಡ ಜರ್ಮನ್ ಬಾಂಬರ್‌ಗಳ ನಾಳಿನ ಲೆಕ್ಕ. ಮುಂದೆ 1943ರ ಅಕ್ಟೋಬರ್‌ನಲ್ಲಿ ಇದೇ ಉದ್ದೇಶಕ್ಕೆ ಕೆನಡಾದ ಲ್ಯಾಬ್ರಡಾರ್ ತೀರದಲ್ಲಿ ಜಲಾಂತರ್ಗಾಮಿಯೊಂದು ಸ್ವಯಂಚಾಲಿತ ಹವಾಮಾನ ಕೇಂದ್ರವನ್ನು ನಿಲ್ಲಿಸಿ ಹೋಯಿತು. ಅದು ಮೂರು ಗಂಟೆಗೊಮ್ಮೆ ವರದಿ ಕಳಿಸುತ್ತಿತ್ತು, ಕೆಲವು ವಾರಗಳಲ್ಲಿ ನಿಂತಿತು. 1981ರವರೆಗೂ ಅಲ್ಲಿ ಅದಿದೆಯೆಂದು ಕೆನಡಾಗೆ ತಿಳಿದಿರಲಿಲ್ಲ. ಯಂತ್ರಕ್ಕೆ ಪಡಿತರ ಬೇಕಿರಲಿಲ್ಲ.

ಭಾರತೀಯರ ಹೆಸರೂ ಈ ಇತಿಹಾಸದಲ್ಲಿದೆ. 1940ರ ಜುಲೈನಲ್ಲಿ ಲಖನೌ ಮೂಲದ ಹೆನ್ರಿ ಒಬೆದ್‌ನನ್ನು ಇಬ್ಬರು ಜೊತೆಗಾರರೊಂದಿಗೆ ಐರ್ಲೆಂಡಿನ ದಕ್ಷಿಣ ತೀರದಲ್ಲಿ ಹಾಯಿದೋಣಿಯಿಂದ ಇಳಿಸಿದರು. ಭಾರತೀಯ ಮುಖವೇ ಅಪರೂಪವಾಗಿದ್ದ ಹಳ್ಳಿಗಾಡಿನಲ್ಲಿ ಅವನು ಯಾರ ಕಣ್ಣಿಗೂ ಬೀಳದೆ ಹೋಗುತ್ತಾನೆಂದು ಯೋಚಿಸಿದವರು ಯಾರೋ. ಬೇಗನೆ ಸಿಕ್ಕಿಬಿದ್ದ. ಇದಕ್ಕೆ ತದ್ವಿರುದ್ಧ ಭಗತ್ ರಾಮ್ ತಲ್ವಾರ್. 1941ರಲ್ಲಿ ಸುಭಾಷ್‌ಚಂದ್ರ ಬೋಸರನ್ನು ಕಾಬೂಲಿಗೆ ದಾಟಿಸಿದವರು ಇವರೇ. ನಂತರ ಜರ್ಮನ್ನರಿಂದ ರೇಡಿಯೋ, ಹಣ ಪಡೆದು ‘ಸಿಲ್ವರ್’ ಎಂಬ ಗುಪ್ತನಾಮದಲ್ಲಿ ಬ್ರಿಟಿಷರಿಗೆ ಕೆಲಸ ಮಾಡಿದರು. ದೆಹಲಿಯಿಂದ ಬರ್ಲಿನ್ನಿಗೆ ಹೋದ ಸಂದೇಶಗಳ ಒಕ್ಕಣೆ ಬ್ರಿಟಿಷ್ ಸೇನಾಧಿಕಾರಿ ಪೀಟರ್ ಫ್ಲೆಮಿಂಗ್‌ನದು. ತಲ್ವಾರರಿಗೂ ಐರನ್ ಕ್ರಾಸ್ ಬಂತು. ತಮ್ಮದೇ ನೆಲ, ತಮ್ಮದೇ ಭಾಷೆ, ತಮ್ಮದೇ ಬಟ್ಟೆ: ಅವರು ಬದುಕುಳಿದದ್ದಕ್ಕೆ ಇದು ದೊಡ್ಡ ಕಾರಣವೆಂದು ನಮಗನಿಸುತ್ತದೆ.

ಮಾದರಿ ಮಾಡುವ ಮಕ್ಕಳಿಗೆ ಒಂದು ಮಾತು. ಪ್ರಸಾರ ಮಾಡುವ ಯಂತ್ರ ಬೇಡ, ಅದಕ್ಕೆ ಸರ್ಕಾರದ ಪರವಾನಗಿ ಬೇಕು. ಮೋರ್ಸ್ ಶಬ್ದ ಕೇಳಿಸಿದರೆ ಸಾಕು. 555 ಐಸಿ, 9 ವೋಲ್ಟ್ ಬ್ಯಾಟರಿ, 1 ಕಿಲೋಓಮ್ ಮತ್ತು 10 ಕಿಲೋಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸುಮಾರು 690 ಹರ್ಟ್ಸ್ ಸ್ವರ ಬರುತ್ತದೆ. ಸ್ಪೀಕರನ್ನು 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಜೋಡಿಸಿ, ಕೀಯನ್ನು ಬ್ಯಾಟರಿಯ ತಂತಿಯಲ್ಲಿಡಿ. ಪಕ್ಕದಲ್ಲಿ 12 ಮೀಟರ್ ತಂತಿಯನ್ನು ತರಗತಿಯ ಗೋಡೆಯುದ್ದಕ್ಕೂ ಕಟ್ಟಿ ತೋರಿಸಿ. ಮೇಜಿನ ಮೇಲೆ ಪಿಸ್ತೂಲಿನ ಬದಲು ಪಡಿತರ ಪುಸ್ತಕದ ಮಾದರಿಯೊಂದನ್ನು ಇಡಿ.

– ಹವ್ಯಾಸಿ ರೇಡಿಯೋ ಮತ್ತು ಇತಿಹಾಸದ ಓದುಗರು,
ತುಮಕೂರು