ಹಾಸ್ಯ ಧಾರಾವಾಹಿಗೆ ಕಹಿ ಕೊನೆಯೇ ಸರಿ

ಮಾನ್ಯರೇ,

ಅಮೆರಿಕದ ರಾಜಕೀಯ ಹಾಸ್ಯ ಧಾರಾವಾಹಿ ‘ವೀಪ್’ನ ಕೊನೆಯ ಕಂತು ತೀರಾ ಕಠೋರವಾಯಿತು ಎಂಬ ಆಕ್ಷೇಪವನ್ನು ಒಪ್ಪಲಾಗದು. 2019ರ ಮೇ 12ರಂದು ಎಚ್‌ಬಿಒ ವಾಹಿನಿಯಲ್ಲಿ ಪ್ರಸಾರವಾದ ಆ ಕಂತಿನಲ್ಲಿ ಕಥಾನಾಯಕಿ, ರಾಜಕಾರಣಿ ಸೆಲೀನಾ ಮೇಯರ್, ಪ್ರತಿಸ್ಪರ್ಧಿ ಟಾಮ್ ಜೇಮ್ಸ್‌ನನ್ನು ಬದಿಗೆ ಸರಿಸಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಉಮೇದುವಾರಿಕೆ ಗಿಟ್ಟಿಸುತ್ತಾಳೆ. ಅದಕ್ಕಾಗಿ, ತಾನು ಸದಾ ಹೀಯಾಳಿಸುತ್ತಿದ್ದ ಜೋನಾ ರಯಾನ್‌ನನ್ನೇ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸುತ್ತಾಳೆ. ಕೈಚೀಲ ಹೊತ್ತು ನೆರಳಿನಂತೆ ಹಿಂಬಾಲಿಸಿದ ಆಪ್ತ ಸಹಾಯಕ ಗ್ಯಾರಿಯನ್ನು ಜೈಲಿಗೆ ದೂಡುತ್ತಾಳೆ. ನೋಡುಗರಿಗೆ ನೋವಾಗುವುದು ಸಹಜ. ಆದರೆ ಎದುರಾಳಿಗಳೆಲ್ಲ ಕೊನೆಗೆ ರಾಜಿಯಾಗಿ ನಕ್ಕುಬಿಟ್ಟಿದ್ದರೆ ಏಳು ಸೀಸನ್‌ಗಳ ವ್ಯಂಗ್ಯವೇ ಸುಳ್ಳಾಗುತ್ತಿತ್ತು.

ಇಪ್ಪತ್ತನಾಲ್ಕು ವರ್ಷಗಳ ನಂತರದ ಸೆಲೀನಾಳ ಅಂತ್ಯಕ್ರಿಯೆಯ ದೃಶ್ಯವಂತೂ ಇಡೀ ಕಥೆಯ ತಿರುಳು. ನಟ ಟಾಮ್ ಹ್ಯಾಂಕ್ಸ್ ತೀರಿಕೊಂಡರೆಂಬ (ಕಥೆಯೊಳಗಿನ ಕಲ್ಪನೆಯಷ್ಟೇ, ಅಭಿಮಾನಿಗಳು ಗಾಬರಿಯಾಗಬೇಕಿಲ್ಲ) ಸುದ್ದಿ ಬಂದೊಡನೆ ಟಿ.ವಿ.ಯವರು ಮಾಜಿ ಅಧ್ಯಕ್ಷೆಯನ್ನು ಮರೆತೇಬಿಡುತ್ತಾರೆ. ಆಕೆಯ ಶವಪೆಟ್ಟಿಗೆಯ ಮೇಲೆ ಲಿಪ್‌ಸ್ಟಿಕ್ ಇಟ್ಟು ಹೋಗುವವನು ಅದೇ ಗ್ಯಾರಿ!

ಧಾರಾವಾಹಿಗಳ ಆರಂಭದ ಬಗ್ಗೆ ಬರೆಯುವಷ್ಟೇ ಆಸಕ್ತಿಯಿಂದ ಅವುಗಳ ಕೊನೆಯ ಕಂತಿನ ವಿಮರ್ಶೆಯನ್ನೂ ಪತ್ರಿಕೆ ಪ್ರಕಟಿಸಲಿ.

– ಒಬ್ಬ ಓದುಗ