ಹೊಸ ಉಬುಂಟು: ಅಂದ ನೋಡುವ ಮೊದಲು ಒತ್ತಕ್ಷರ ನೋಡಿ

ಮಾನ್ಯ ಸಂಪಾದಕರೆ,

ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಉಬುಂಟುವಿನ 26.04 ಆವೃತ್ತಿ 2026ರ ಏಪ್ರಿಲ್‌ನಲ್ಲಿ ಬರಲಿದೆ. ಎರಡು ವರ್ಷಕ್ಕೊಮ್ಮೆ ಬರುವ, ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುವ ಎಲ್‌ಟಿಎಸ್ ಆವೃತ್ತಿ ಇದು. ಈ ಸಲ ಹಾಸನ ಜಿಲ್ಲೆಯಲ್ಲೂ ಇದಕ್ಕಾಗಿ ಕಾಯುತ್ತಿರುವವರಿದ್ದಾರೆ; ಕಾರಣ ವಿಂಡೋಸ್ 10. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್ ಅಥವಾ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಮದರ್‌ಬೋರ್ಡ್ ಇದ್ದರೆ ವಿಂಡೋಸ್ 11 ಆ ಯಂತ್ರವನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಬಿ.ಎಂ. ರಸ್ತೆಯ ಡಿಟಿಪಿ ಅಂಗಡಿಗಳಲ್ಲಿ, ಸಕಲೇಶಪುರದ ಕಾಫಿ ತೋಟಗಳ ಲೆಕ್ಕದ ಕೋಣೆಗಳಲ್ಲಿ ಅಂಥ ಯಂತ್ರಗಳು ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿವೆ.

ಹೊಸ ಆವೃತ್ತಿ ಬರುವಾಗ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಹಿನ್ನೆಲೆ ಚಿತ್ರ, ಐಕಾನು, ಬಣ್ಣಗಳ ವರ್ಣನೆ ಬರುತ್ತದೆ. ಜೊತೆಗಿನ ಚಿತ್ರದಲ್ಲಿ ಪರದೆ ಪೂರ್ತಿ ಇಂಗ್ಲಿಷ್. ದಿನವಿಡೀ ಕನ್ನಡ ಬೆರಳಚ್ಚು ಮಾಡುವವರಿಗೆ ಆ ಚಿತ್ರದಿಂದ ತಿಳಿಯುವುದು ಏನೂ ಇಲ್ಲ. ಡೆಸ್ಕ್‌ಟಾಪ್ ವಿನ್ಯಾಸ ಚೆನ್ನಾಗಿದೆಯೋ ಇಲ್ಲವೋ ಎಂದು ನಾವು ಹೇಳಬೇಕಾದ್ದು ಕನ್ನಡವನ್ನು ಅದರ ಮೇಲಿಟ್ಟು, ನಮ್ಮಲ್ಲಿರುವ 1366×768ರ ಪರದೆಯಲ್ಲಿ ನೋಡಿದ ಮೇಲೆ.

ಇಂಗ್ಲಿಷ್ ಅಕ್ಷರಕ್ಕೆ ಸಾಲಿನ ಕೆಳಗೆ ಬೇಕಾದ ಜಾಗ ಸ್ವಲ್ಪ. ಕನ್ನಡದಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರೀಯ', 'ಶಾಸ್ತ್ರ', 'ಸ್ತ್ರೀ'ಯಂಥ ಪದಗಳಲ್ಲಿ ಒತ್ತಿಗೊಂದು ಒತ್ತು. ಉಬುಂಟುವಿನ ಸ್ವಂತ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಆದ್ದರಿಂದ ನೋಟೋ ಸಾನ್ಸ್, ಲೋಹಿತ್, ಗುಬ್ಬಿ, ನವಿಲು ಇವುಗಳಲ್ಲಿ ಯಂತ್ರದಲ್ಲಿ ಯಾವುದಿದೆಯೋ ಅದರಿಂದ ಅಕ್ಷರ ಎರವಲು ಬರುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಫಾಂಟಿನ ಅಳತೆಗೆ ಬಿಗಿಯಾಗಿ ಕಟ್ಟಿದ ಕಡೆಯೆಲ್ಲ ಹೀಗೆ ಬಂದ ಅಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಕಿಟಕಿಯ ಶೀರ್ಷಿಕೆ, ಬ್ರೌಸರ್ ಟ್ಯಾಬ್, ಕಡತ ತೆರೆಯುವ ಪಟ್ಟಿ, ಮೂಲೆಯಲ್ಲಿ ಮೂಡುವ ಸೂಚನೆ, ಇವು ಮೊದಲು ನೋಡಬೇಕಾದ ಜಾಗಗಳು. ಒತ್ತು ಕತ್ತರಿಸಿದರೆ 'ಹಳ್ಳಿ' ಕಣ್ಣಿಗೆ 'ಹಳಿ' ಆಗುತ್ತದೆ. ಒಂದೇ ಫೋಲ್ಡರಿನಲ್ಲಿ ನೂರಾರು ಕ್ರಯಪತ್ರ, ಅರ್ಜಿ ಇಟ್ಟುಕೊಂಡವರಿಗೆ ಇದು ಅಂದದ ಮಾತಲ್ಲ, ಯಾರದೋ ಕಡತವನ್ನು ಇನ್ಯಾರದೋ ಎಂದು ತೆರೆಯುವ ಅಪಾಯ.

ಪರೀಕ್ಷೆಗೆ ಹಾರ್ಡ್ ಡಿಸ್ಕ್ ಮುಟ್ಟಬೇಕಿಲ್ಲ. ಮಾರ್ಚ್ ಕೊನೆಯ ಹೊತ್ತಿಗೆ ಬೀಟಾ (ಪರೀಕ್ಷಾ ಆವೃತ್ತಿ) ಸಿಗುತ್ತದೆ. ಹಿಂದಿನ ಎಲ್‌ಟಿಎಸ್ ಆದ 24.04ರ ಐಎಸ್‌ಒ (ಇನ್‌ಸ್ಟಾಲ್) ಕಡತವೇ 6 ಜಿಬಿಗೆ ಹತ್ತಿರವಿತ್ತು, ಆದ್ದರಿಂದ 16 ಜಿಬಿ ಪೆನ್‌ಡ್ರೈವ್ ಇರಲಿ. ಮಲೆನಾಡು ಭಾಗದಲ್ಲಿ ಕರೆಂಟು, ನೆಟ್‌ವರ್ಕ್ ಹೋಗಿಬರುವುದರಿಂದ ಟೊರೆಂಟ್ ಮೂಲಕ ಇಳಿಸಿಕೊಳ್ಳುವುದು ಮೇಲು. ನಿಂತಲ್ಲಿಂದ ಮುಂದುವರಿಯುತ್ತದೆ, ತುಣುಕುಗಳನ್ನು ತಾನೇ ತಾಳೆ ನೋಡುತ್ತದೆ. ರೂಫಸ್ ಅಥವಾ ವೆಂಟಾಯ್ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಮಾಡಿ (ಅದರಲ್ಲಿದ್ದದ್ದು ಅಳಿಸಿಹೋಗುತ್ತದೆ). ಯಂತ್ರ ಆನ್ ಮಾಡುವಾಗ ಎಫ್12 ಅಥವಾ ಎಫ್9 ಒತ್ತಿ ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಬಿಟ್ಟು 'ಟ್ರೈ ಉಬುಂಟು' ಆರಿಸಿ.

ಮೊದಲ ಕೆಲಸ ಕೀಲಿಮಣೆ. ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ ಇನ್‌ಪುಟ್ ಸೋರ್ಸಸ್ ಕೆಳಗೆ ಕನ್ನಡ ಸೇರಿಸಬೇಕು. ಇಲ್ಲಿ ಹಲವರು ಎಡವುತ್ತಾರೆ. ತಾನಾಗಿ ಸಿಗುವ 'ಕನ್ನಡ' ಇನ್‌ಸ್ಕ್ರಿಪ್ಟ್ ವಿನ್ಯಾಸ. ನುಡಿ ತಂತ್ರಾಂಶದಲ್ಲಿ ಕಲಿತ ಬೆರಳಿಗೆ ಬೇಕಾದ್ದು ಕ.ಗ.ಪ. (ಕನ್ನಡ ಗಣಕ ಪರಿಷತ್ತು) ವಿನ್ಯಾಸ. ಪಟ್ಟಿಯಲ್ಲಿ ಕಗಪ ಎಂಬ ಹೆಸರು ಕಂಡರೂ ಅದು ಒಂದು ಕೀಲಿಗೆ ಒಂದು ನಿಶ್ಚಿತ ಸಂಕೇತ ಕೊಡುವ ಸರಳ ವ್ಯವಸ್ಥೆ. ವ್ಯಂಜನದ ಮುಂದೆ ಸ್ವರದ ಕೀಲಿ ಒತ್ತಿದರೆ ಗುಣಿತವಾಗಿಸುವ ಜಾಣತನ ಅದಕ್ಕಿಲ್ಲ. ಅದಕ್ಕೆ ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿಕೊಂಡು ಅದರ ಕಗಪ ಆರಿಸಬೇಕು. ಹಾಕಿದ ಮೇಲೆ ಲಾಗ್‌ಔಟ್ ಆಗಿ ಒಳಬನ್ನಿ. ರೀಸ್ಟಾರ್ಟ್ ಮಾಡಿದರೆ ಪೆನ್‌ಡ್ರೈವ್‌ನಿಂದ ಓಡಿಸುವಾಗ ಹಾಕಿದ್ದೆಲ್ಲ ಮಾಯವಾಗುತ್ತದೆ. ಪಟ್ಟಿಯಲ್ಲಿ ಇಂಗ್ಲಿಷ್ ಮೊದಲಿರಲಿ. ಇನ್‌ಸ್ಕ್ರಿಪ್ಟ್ ಮೊದಲಿದ್ದರೆ ಲಾಕ್ ಪರದೆಯಲ್ಲಿ ಪಾಸ್‌ವರ್ಡು ಕನ್ನಡದಲ್ಲಿ ಬೀಳುತ್ತದೆ, ಚುಕ್ಕೆಗಳಷ್ಟೇ ಕಾಣುವುದರಿಂದ ತಪ್ಪೆಲ್ಲಿ ಎಂದು ಗೊತ್ತಾಗುವುದಿಲ್ಲ. ಇಷ್ಟು ಮುಖ್ಯವಾದ ಭಾಷೆಯ ಗುರುತನ್ನು ಮೇಲಿನ ಪಟ್ಟಿಯಲ್ಲಿ ಎರಡು ಪುಟ್ಟ ಇಂಗ್ಲಿಷ್ ಅಕ್ಷರಗಳಾಗಿ ತೋರಿಸುತ್ತಾರೆ. ಹೊಸ ಆವೃತ್ತಿಯಲ್ಲಿ ಇದು ದೊಡ್ಡದಾಗಬೇಕು ಎಂಬುದು ನನ್ನ ಆಸೆ.

ಆಮೇಲೆ 'ರಾಷ್ಟ್ರೀಯ', 'ಜ್ಞಾನ', 'ಅರ್ಥ', 'ರ‍್ಯಾಂಕ್' ಪದಗಳನ್ನಿಟ್ಟು ಕೆಲವು ಫೋಲ್ಡರ್ ಮಾಡಿ, ಪಟ್ಟಿಯಾಗಿಯೂ ಐಕಾನಾಗಿಯೂ ನೋಡಿ. ಆಕ್ಸೆಸಿಬಿಲಿಟಿಯಲ್ಲಿ 'ಲಾರ್ಜ್ ಟೆಕ್ಸ್ಟ್' ಒತ್ತಿ. ಇದು ಪಠ್ಯವನ್ನು ಮಾತ್ರ 1.25 ಪಟ್ಟು ಹಿಗ್ಗಿಸುತ್ತದೆ, ಹಾಗಾಗಿ ಬಿಗಿಯಾದ ಜಾಗಗಳೆಲ್ಲ ಒಮ್ಮೆಗೇ ಬಯಲಾಗುತ್ತವೆ. 768 ಗೆರೆಯ ಪರದೆಯಲ್ಲಿ ಡಿಸ್‌ಪ್ಲೇ ಸ್ಕೇಲಿಂಗನ್ನು ಶೇ 125ಕ್ಕೆ ಏರಿಸಬೇಡಿ. ಗುಂಡಿ, ಪಟ್ಟಿಗಳೂ ಊದಿಕೊಂಡು ಬರೆಯುವ ಜಾಗವೇ ಉಳಿಯುವುದಿಲ್ಲ.

ಇನ್ನೊಂದು ತೊಡಕು ಕಡತದ ಹೆಸರಿನದು. ಲಿನಕ್ಸ್‌ನ ಎಕ್ಸ್ಟ್4 ಮಾದರಿಯ ಡಿಸ್ಕಿನಲ್ಲಿ ಹೆಸರು 255 ಬೈಟ್ ಮೀರುವಂತಿಲ್ಲ. ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. 'ಸ್ತ್ರೀ'ಯಲ್ಲಿ ಸ, ತ, ರ, ಎರಡು ಹಲಂತ, ಒಂದು ದೀರ್ಘ ಸೇರಿ ಆರು ಸಂಕೇತ, ಅಂದರೆ 18 ಬೈಟ್. ಒಟ್ಟು 85 ಸಂಕೇತಕ್ಕೆ ಜಾಗ ಮುಗಿಯಿತು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕಿನಲ್ಲಿ 255 ಕನ್ನಡ ಸಂಕೇತ ಹಿಡಿಸುತ್ತವೆ. ವಾದಿ, ಪ್ರತಿವಾದಿ, ಸರ್ವೆ ನಂಬರು ಎಲ್ಲ ಸೇರಿಸಿ ಹೆಸರಿಟ್ಟ ಕಡತಗಳನ್ನು ವಿಂಡೋಸ್‌ನಿಂದ ಉಬುಂಟುವಿಗೆ ತರುವಾಗ ನಕಲು ನಡುದಾರಿಯಲ್ಲಿ ನಿಲ್ಲುವುದು ಇದರಿಂದ. ಮಿತಿ ಹಳೆಯದು, ಹೊಸ ಆವೃತ್ತಿಯಲ್ಲೂ ಇರುತ್ತದೆ. ವಿನ್ಯಾಸ ನೋಡುವವರು ಕೇಳಬೇಕಾದ್ದು: ಯಾವ ಕಡತ, ಏಕೆ ನಿಂತಿತು ಎಂದು ಪರದೆ ಸರಿಯಾಗಿ ಹೇಳುತ್ತದೆಯೇ?

ಉಬುಂಟುವಿನ ಒಂದು ಹಳೆಯ ನಿರ್ಧಾರವನ್ನು ಮನಸಾರೆ ಮೆಚ್ಚುತ್ತೇನೆ: ಡಾಕ್ (ಪ್ರೋಗ್ರಾಂ ಐಕಾನುಗಳ ಪಟ್ಟಿ) ಎಡಬದಿಯಲ್ಲಿರುವುದು. ಅಗಲ ಹೆಚ್ಚು, ಎತ್ತರ ಕಡಿಮೆ ಇರುವ ಪರದೆಯಲ್ಲಿ ಎತ್ತರ ಉಳಿಸುವುದೇ ಸರಿ. ಸೆಟ್ಟಿಂಗ್ಸ್‌ನ 'ಉಬುಂಟು ಡೆಸ್ಕ್‌ಟಾಪ್' ಪುಟದಲ್ಲಿ ಐಕಾನ್ ಗಾತ್ರವನ್ನು 48ರಿಂದ 32ಕ್ಕೆ ಇಳಿಸಿದರೆ ಅಗಲವೂ ಉಳಿಯುತ್ತದೆ. 2021ರಲ್ಲಿ ವಿಂಡೋಸ್ 11 ಬಂದಾಗ ಟಾಸ್ಕ್‌ಬಾರನ್ನು ಪಕ್ಕಕ್ಕೆ ಸರಿಸುವ ಅನುಕೂಲವನ್ನೇ ತೆಗೆದಿತ್ತು. ನಡುವೆ ಕೂತ ಸ್ಟಾರ್ಟ್ ಗುಂಡಿ ಹೊಸ ಪ್ರೋಗ್ರಾಂ ತೆರೆದಂತೆಲ್ಲ ಎಡಕ್ಕೆ ಜರುಗುತ್ತಿತ್ತು. ಮೂಲೆಗೆ ಕಣ್ಣುಮುಚ್ಚಿ ಹೋಗುತ್ತಿದ್ದ ಕೈ ಆಗ ಹುಡುಕಬೇಕಾಯಿತು. ಮೆಚ್ಚದ್ದೂ ಒಂದಿದೆ. ಸ್ಕ್ರಾಲ್‌ಬಾರ್ ಮೌಸ್ ಹತ್ತಿರ ಹೋಗುವ ತನಕ ಅಡಗಿ ಕೂರುತ್ತದೆ, ಪಟ್ಟಿ ಇನ್ನೂ ಉದ್ದವಿದೆ ಎಂಬುದೇ ತಿಳಿಯುವುದಿಲ್ಲ. ಆಕ್ಸೆಸಿಬಿಲಿಟಿಯಲ್ಲಿ ಅದನ್ನು ಸದಾ ಕಾಣುವಂತೆ ಮಾಡಬಹುದು. ಆದರೆ ಅದು ಮೊದಲಿನಿಂದಲೇ ಹಾಗಿರಬೇಕಿತ್ತು.

ತಯಾರಕರು ದೂರು ಕೇಳುವುದಿಲ್ಲ ಎಂದು ಸುಮ್ಮನಿರಬೇಕಾಗಿಲ್ಲ. 2012ರ ವಿಂಡೋಸ್ 8ರಲ್ಲಿ ತೆಗೆದ ಸ್ಟಾರ್ಟ್ ಗುಂಡಿ 2013ರ 8.1ರಲ್ಲಿ ಮರಳಿತು. 2025ರಲ್ಲಿ ಆಪಲ್ ಕಂಪ್ಯೂಟರುಗಳ ಮ್ಯಾಕ್‌ಒಎಸ್ 26ರ ಗಾಜಿನಂಥ ಪಾರದರ್ಶಕ ವಿನ್ಯಾಸದಲ್ಲಿ ಅಕ್ಷರ ಓದಲಾಗದು ಎಂಬ ದೂರು ಎದ್ದ ಮೇಲೆ 26.1ರಲ್ಲಿ ಪಾರದರ್ಶಕತೆ ತಗ್ಗಿಸುವ ಆಯ್ಕೆ ಬಂತು.

ಹೊಸ ಆವೃತ್ತಿ ಹಾಕಲು ಆತುರ ಬೇಡ. 24.04ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಅದರಿಂದ ಮೇಲೇರುವ ಆಹ್ವಾನವೂ 26.04.1 ಬಂದ ಮೇಲಷ್ಟೇ ಕಾಣಿಸುತ್ತದೆ. ಏನಾದರೂ ಕೆಲಸ ಮಾಡದಿದ್ದರೆ ಲಾಗಿನ್ ಪರದೆಯಲ್ಲಿ ಎಕ್ಸ್ಆರ್ಗ್ (ಪರದೆ ನಡೆಸುವ ಹಳೆಯ ವ್ಯವಸ್ಥೆ) ಸೆಷನ್ ಆರಿಸಿ ಪಾರಾಗುವ ದಾರಿ 24.04ರಲ್ಲಿತ್ತು, 25.10ರಲ್ಲೇ ಅದನ್ನು ಮುಚ್ಚಿದ್ದಾರೆ. ಹಾಗಾಗಿ ನಮ್ಮ ಬದಲು ತಾವೇ ಕೀಲಿ ಒತ್ತುವ ತಂತ್ರಾಂಶಗಳು, ಹಳೆಯ ಲೇಸರ್ ಪ್ರಿಂಟರು, ಸ್ಕ್ಯಾನರು ಎಲ್ಲವನ್ನೂ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕಡತ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಂಡರೆ ಅದು ಉಬುಂಟುವಿನ ದೋಷವಲ್ಲ, ಯೂನಿಕೋಡ್‌ಗೆ ಪರಿವರ್ತಿಸಬೇಕು. 4 ಜಿಬಿ ರ‍್ಯಾಮ್‌ನ ಯಂತ್ರಕ್ಕೆ ಉಬುಂಟುವಿನ ಬೇರೆ ರೂಪಗಳಾದ ಕ್ಸುಬುಂಟು ಅಥವಾ ಲುಬುಂಟು ಹಗುರ.

ಆತುರ ಬೇಕಾದ್ದು ದೋಷ ತಿಳಿಸುವುದರಲ್ಲಿ. ಬಿಡುಗಡೆಗೆ ಮೊದಲು ಪರದೆಯ ರೂಪವನ್ನು ಸ್ಥಗಿತಗೊಳಿಸುತ್ತಾರೆ, ಆಮೇಲೆ ದೊಡ್ಡ ಬದಲಾವಣೆ ನಡೆಯದು. ಜಿಲ್ಲೆಯ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಉಬುಂಟುವಿನ ದೋಷಗಳನ್ನು ದಾಖಲಿಸುವ ಲಾಂಚ್‌ಪ್ಯಾಡ್ ಜಾಲತಾಣದಲ್ಲಿ ಖಾತೆ ತೆರೆದು ಬರೆಯಲಿ. ಒಂದು ವರದಿಯಲ್ಲಿ ಒಂದೇ ದೋಷವಿರಲಿ. ಆವೃತ್ತಿ, ಪರದೆಯ ಅಳತೆ, ಸ್ಕೇಲಿಂಗ್, ಕನ್ನಡ ಫಾಂಟಿನ ಹೆಸರು, ಕತ್ತರಿಸಿದ ಪದ, ಸ್ಕ್ರೀನ್‌ಶಾಟ್ ಇಷ್ಟನ್ನೂ ಸೇರಿಸಿ, ಕನ್ನಡ ಓದಲು ಬಾರದ ತಂತ್ರಜ್ಞರಿಗೆ ತಿಳಿಯುವಂತೆ ಸರಿಯಾದ ಆಕಾರವನ್ನು ಪಕ್ಕದಲ್ಲಿಡಬೇಕು. ತಾವೂ ಏಪ್ರಿಲ್‌ನಲ್ಲಿ ವಿಮರ್ಶೆ ಪ್ರಕಟಿಸುವಾಗ ಕನ್ನಡ ಹೆಸರಿನ ಕಡತಗಳಿರುವ ಪರದೆಯ ಚಿತ್ರವೊಂದನ್ನು ಹಾಕಿಸಬೇಕೆಂದು ಕೋರುತ್ತೇನೆ.

ಇಂತಿ,
ಕಂಪ್ಯೂಟರ್ ಶಿಕ್ಷಕಿ, ಹಾಸನ